ಕಿವಿ ಕೇಳಿಸದ ನಾಯಿಮರಿಗೆ ಕಲಿಸುವುದು ಹೇಗೆ?

ಕಲಬುರಗಿಯ ನಿಮ್ಮ ಮನೆಯ ಮೂರು ತಿಂಗಳ ಬಿಳಿ ಮರಿಗೆ ಕಿವಿ ಕೇಳಿಸದೆಂದು ಪಶುವೈದ್ಯರು ಹೇಳಿದ್ದು, ಅದಕ್ಕೆ ಏನಾದರೂ ಕಲಿಸಲು ಸಾಧ್ಯವೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ. ಒಳಗಿವಿಯಲ್ಲಿ ವರ್ಣಕೋಶಗಳಿಲ್ಲದಿದ್ದರೆ ಶ್ರವಣಕೋಶಗಳು ಹುಟ್ಟಿದ ಕೆಲವೇ ವಾರಗಳಲ್ಲಿ ನಶಿಸುವುದರಿಂದ ಬಿಳಿ ಮರಿಗಳಲ್ಲಿ ಈ ಕಿವುಡು ಹೆಚ್ಚು. ಬುದ್ಧಿಗೆ ಅದರಿಂದ ಯಾವ ಕೊರತೆಯೂ ಇಲ್ಲ.

ಎಲ್ಲಕ್ಕೂ ಮೊದಲು, ನಿಮ್ಮ ಮುಖ ನೋಡುವುದನ್ನು ಕಲಿಸಿ. ಮರಿ ತಾನಾಗಿ ನಿಮ್ಮತ್ತ ತಿರುಗಿದ ಕ್ಷಣದಲ್ಲೇ ಹೆಬ್ಬೆರಳು ಎತ್ತಿ ತೋರಿಸಿ, ಕೂಡಲೇ ಬೇಯಿಸಿದ ಕೋಳಿಯ ಚಿಕ್ಕ ತುಣುಕನ್ನೋ ಜೋಳದ ರೊಟ್ಟಿಯ ಚೂರನ್ನೋ ಕೊಡಿ. ಆ ಹೆಬ್ಬೆರಳೇ ಅದಕ್ಕೆ ‘ಶಹಬ್ಬಾಸ್’ ಆಗುತ್ತದೆ. ಅನಂತರ ‘ಬಾ’, ‘ಕೂಡು’, ‘ಬೇಡ’ ಎಂಬುದಕ್ಕೆ ಒಂದೊಂದೇ ಸನ್ನೆಯನ್ನು ಗೊತ್ತುಮಾಡಿ, ಮನೆಮಂದಿಯೆಲ್ಲ ಅದನ್ನೇ ಬಳಸಬೇಕು.

ಮಲಗಿದ ಮರಿಯನ್ನು ಹಠಾತ್ತನೆ ಮುಟ್ಟಿದರೆ ಬೆಚ್ಚಿ ಕಚ್ಚೀತು. ನೆಲ ಕುಟ್ಟಿ ಎಬ್ಬಿಸಿ ಎಂದು ಹಲವರು ಹೇಳುತ್ತಾರೆ, ಆದರೆ ನಮ್ಮ ಶಹಾಬಾದಿ ಫರಸಿಯಲ್ಲಿ ಆ ಅದುರು ಅಷ್ಟಾಗಿ ಹರಿಯುವುದಿಲ್ಲ. ಆದ್ದರಿಂದ ಅಂಗೈಯನ್ನು ಮೂಗಿನ ಬಳಿ ಹಿಡಿದು, ವಾಸನೆ ಸಿಕ್ಕು ಅದು ಕಣ್ಣು ತೆರೆದ ಮೇಲೆ ಭುಜವನ್ನು ಮೆಲ್ಲಗೆ ಸವರಿ, ತಿನಿಸು ಕೊಡಿ. ರಾತ್ರಿ ಅಂಗಳದಿಂದ ಕರೆಯಲು ದೀಪವನ್ನು ಎರಡು ಸಲ ಆರಿಸಿ ಹಚ್ಚಿದರೆ ಸಾಕು. ವಾಹನದ ಸದ್ದು ಅದಕ್ಕೆ ತಿಳಿಯದು, ಹಾಗಾಗಿ ಹಗ್ಗವಿಲ್ಲದೆ ರಸ್ತೆಗೆ ಎಂದಿಗೂ ಬಿಡಬೇಡಿ.