ಇದೊಂದರೆ ಮುಗೀತದ್ರಿ

ದೀಪಾವಳಿ ಕಳೆದು ಥಂಡಿ ಶುರುವಾದರೆ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಒಂದು ಬಗೆಯ ಜನ ಬರುತ್ತಾರೆ. ವರ್ಷದ ಲೆಕ್ಕ ಹೊತ್ತುಕೊಂಡು ಬರುವವರು. ಜನವರಿಯಲ್ಲಿ ತಾವೇ ಹಾಕಿಕೊಂಡ ಗುರಿ ಡಿಸೆಂಬರಿನಲ್ಲಿ ಸಾಲ ಕೊಟ್ಟವನ ಹಾಗೆ ಬಾಗಿಲಲ್ಲಿ ನಿಂತಿರುತ್ತದೆ. ಇಷ್ಟು ಕೆಜಿ ಇಳಿಸ್ತೀನಿ, ಇಷ್ಟು ಸಾವಿರ ಹೆಜ್ಜೆ ನಡೀತೀನಿ, ಇಷ್ಟು ಪುಸ್ತಕ ಓದ್ತೀನಿ. ಪುಸ್ತಕದವರು ಮೊದಲು ಅಪರೂಪ. ಈಗ ವರ್ಷಕ್ಕೆ ಮೂರ್ನಾಲ್ಕು ಮಂದಿ ಸಿಗುತ್ತಾರೆ.

ಇವರಿಗೆ ಹೇಳಲು ನಮ್ಮ ಹತ್ತಿರ ಒಂದು ರೆಡಿ ಮಾತಿದೆ. "ಲೆಕ್ಕ ಬಿಡಿ, ಖುಷಿಗೆ ಓದಿ." ನಾನೂ ಬೇಕಾದಷ್ಟು ಸಲ ಹೇಳಿದ್ದೇನೆ. 2024ರಲ್ಲಿ ಒಬ್ಬಳಿಗೆ ಹೇಳಿ ಎಡವಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವಳನ್ನು ಶೈಲಾ ಎನ್ನೋಣ. ಅದು ಅವಳ ಹೆಸರಲ್ಲ. ಮನೆತನದ ವಿವರ ಬದಲಿಸಿದ್ದೇನೆ, ಬರೆದದ್ದನ್ನು ಅವಳಿಗೇ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ವಯಸ್ಸು 29. ಊರು ಇಂಡಿ ಕಡೆಯ ಹಳ್ಳಿ, ಮನೆಯಲ್ಲಿ ಲಿಂಬೆ ತೋಟ. ತಂದೆ ಇಲ್ಲ, ತೋಟ ನೋಡುವವನು ಅಣ್ಣ. ವಿಜಯಪುರದಲ್ಲಿ ಇಬ್ಬರು ಗೆಳತಿಯರ ಜೊತೆ ರೂಮು ಮಾಡಿಕೊಂಡು ಕೆಎಎಸ್ ತಯಾರಿ. ಐದನೇ ವರ್ಷ.

ನಮ್ಮ ಊರಿನಲ್ಲಿ "ಓದು" ಎಂಬ ಮಾತಿನ ಅರ್ಥವೇ ಬೇರೆ ಆಗಿಬಿಟ್ಟಿದೆ. "ಏನ್ ಮಾಡಾಕತ್ತಾಳ ನಿಮ್ ಹುಡುಗಿ?" ಎಂದರೆ "ಓದಾಕತ್ತಾಳ" ಎನ್ನುತ್ತಾರೆ. ಏನು ಓದುತ್ತಾಳೆ ಎಂದು ಯಾರೂ ಕೇಳುವುದಿಲ್ಲ. ಪರೀಕ್ಷೆಗೆ ಎಂದೇ ಅರ್ಥ. ಗ್ರಂಥಾಲಯದಲ್ಲಿ ಬೆಳಿಗ್ಗೆಯೇ ಕುರ್ಚಿ ಹಿಡಿಯುವ ಹುಡುಗರಲ್ಲಿ ಬಹುಪಾಲು ಜನ ಅಲ್ಲಿನ ಪುಸ್ತಕ ಮುಟ್ಟುವುದಿಲ್ಲ. ತಮ್ಮ ಗೈಡು, ತಮ್ಮ ನೋಟ್ಸು. ಸುಮ್ನೆ ಓದುವ ಪುಸ್ತಕಕ್ಕೆ ಮನೆಗಳಲ್ಲಿ ಒಂದೇ ಹೆಸರು: ಕತಿ ಪುಸ್ತಕ. ಆ ಮಾತಿನಲ್ಲಿ ಸ್ವಲ್ಪ ತಾತ್ಸಾರವೂ ಇರುತ್ತದೆ. ಫ.ಗು. ಹಳಕಟ್ಟಿಯವರು ವಕೀಲಿ ಮಾಡುತ್ತಲೇ ಓಲೆಗರಿ ಹುಡುಕಿ ಅಲೆದು, ಅಚ್ಚುಕೂಟ ಹಾಕಿ ವಚನ ಅಚ್ಚು ಮಾಡಿದ ಊರು ಇದೇ. ಯಾವ ಪರೀಕ್ಷೆಗೆ ಅಂತ ಅವರನ್ನು ಯಾರಾದರೂ ಕೇಳಿದ್ದರೋ ಏನೋ.

ಶೈಲಾ ಜನವರಿಯಲ್ಲಿ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "40" ಎಂದು ಬರೆದಿದ್ದಳು. ಒಂದು ವರ್ಷ, 40 ಕನ್ನಡ ಪುಸ್ತಕ. ಫೋನಿನ ಆ್ಯಪ್‌ನಲ್ಲೂ ಅದೇ ಸಂಖ್ಯೆ ಹಾಕಿದ್ದಳು.

ಆಗಸ್ಟ್ 27ಕ್ಕೆ ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪರೀಕ್ಷೆ, ಆಯಿತು. 384 ಹುದ್ದೆ. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತು ಅಂದರೆ ಗಲಾಟೆಯಾಗಿ ಮರುಪರೀಕ್ಷೆ ಎಂದು ಹೇಳಿದರು. ಆಮೇಲೆ ಅದು ಡಿಸೆಂಬರ್ 29ಕ್ಕೆ ನಿಗದಿಯಾಯಿತು. ಆ ಸೆಪ್ಟೆಂಬರಿನಲ್ಲೇ ಗೆಳತಿಯೊಬ್ಬಳು ಶೈಲಾಳನ್ನು ನನ್ನ ಹತ್ತಿರ ಕರೆತಂದಳು. ನಿದ್ದೆ ಇಲ್ಲ, ಎದೆ ಹಿಡಿದ ಹಾಗೆ ಆಗುತ್ತದೆ, ನೋಟ್ಸ್ ತೆಗೆದರೆ ಅಕ್ಷರ ಕಾಣುತ್ತವೆ, ತಲೆಗೆ ಹೋಗುವುದಿಲ್ಲ. ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿ ಕೇಳಿದೆ. ಯಾರಿಗೇ ಆಗಲಿ ಇದನ್ನು ಕೇಳುವುದಕ್ಕೆ ನಾನು ನಾಚುವುದಿಲ್ಲ. ಇಲ್ಲ ಎಂದಳು. ಹೌದು ಎಂದಿದ್ದರೆ ದಾರಿಯೇ ಬೇರೆ ಇರುತ್ತಿತ್ತು. ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ರಾತ್ರಿ ಹೊತ್ತು ಯಾರೂ ಇಲ್ಲದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416. ಈ ನಂಬರು ನಿಮ್ಮ ಫೋನಿನಲ್ಲೂ ಇರಲಿ.

ಎರಡನೇ ಭೇಟಿಯಲ್ಲಿ ಕತಿ ಪುಸ್ತಕದ ಸುದ್ದಿ ಬಂತು. ಆಗಸ್ಟ್ ಕೊನೆಯಲ್ಲಿ ಅಣ್ಣ ರೂಮಿಗೆ ಬಂದಾಗ ಆ ನೋಟ್‌ಬುಕ್ ನೋಡಿದ್ದ. 29 ಹೆಸರು, ತಾರೀಕು ಸಮೇತ. "ನಾವಲ್ಲಿ ಲಿಂಬಿಹಣ್ಣ ಮಾರಿ ರೊಕ್ಕ ಕಳಸ್ತೀವಿ, ನೀ ಇಲ್ಲಿ ಕತಿ ಪುಸ್ತಕ ಓದ್ಕೋತ ಕುಂತೀ?" ಅಂದನಂತೆ. ಅವನದೂ ತಪ್ಪಿಲ್ಲ. ಮಳೆಗಾಲದಲ್ಲಿ ಲಿಂಬೆ ರೇಟು ಬಿದ್ದಾಗ ಒಂದೊಂದು ರೂಪಾಯಿಯೂ ಕಾಣುತ್ತದೆ.

ನನಗೂ ಅಣ್ಣನ ಮಾತು ಸರಿ ಎನಿಸಿತು. ಪರೀಕ್ಷೆ ಎದುರಿಸಲಾಗದೆ ಹುಡುಗಿ ಕಾದಂಬರಿಯ ಹಿಂದೆ ಅಡಗಿದ್ದಾಳೆ, ಅಷ್ಟೇ. ಪಠ್ಯಪುಸ್ತಕದಲ್ಲಿ ಇರುವಂಥದ್ದೇ ಪ್ರಕರಣ. ಮೂರನೇ ಭೇಟಿಯಲ್ಲಿ ಮೆತ್ತಗೆ ಹೇಳಿದೆ. "ಮರುಪರೀಕ್ಷೆ ಮುಗಿಯೋ ತನಕ ಈ ನಲವತ್ತನ್ನ ಬದಿಗಿಡು. ಪುಸ್ತಕ ಎಲ್ಲಿಗೂ ಓಡಿ ಹೋಗಲ್ಲ. ಆಮೇಲೆ ಲೆಕ್ಕ ಇಲ್ಲದೆ ಖುಷಿಗೆ ಓದು." ಅವಳು ತಲೆಯಾಡಿಸಿದಳು. ವಾದ ಮಾಡಲಿಲ್ಲ. ವಾದ ಮಾಡದೆ ಒಪ್ಪುವವರನ್ನು ಕಂಡರೆ ನಾವು ಹುಷಾರಾಗಬೇಕು. ನಾನು ಆಗಲಿಲ್ಲ.

ದಸರೆ ಮುಗಿದ ಮೇಲೆ ನಾಲ್ಕನೇ ಭೇಟಿ. ಮುಖ ಇನ್ನಷ್ಟು ಇಳಿದಿತ್ತು. ಎರಡು ವಾರ ಒಂದೂ ಪುಸ್ತಕ ಮುಟ್ಟಿರಲಿಲ್ಲ. ಹಾಗಾದರೆ ನೋಟ್ಸ್ ಎಷ್ಟು ಓದಿದೆ ಎಂದೆ. ಅದೂ ಇಲ್ಲ. ಉಳಿದ ಸಮಯವೆಲ್ಲ ಫೋನಿನಲ್ಲಿ, ಪರೀಕ್ಷೆಯ ಸುದ್ದಿ ಹೇಳುವ ಗುಂಪುಗಳಲ್ಲಿ ಹೋಗಿತ್ತು. ನಾನು ಸ್ವಲ್ಪ ಬೇಸರದಿಂದಲೇ ಕೇಳಿದೆ ಅನ್ನಿಸುತ್ತದೆ:

"ಆ ನಲವತ್ತರಾಗ ಅಂಥದ್ದೇನೈತಿ ಶೈಲಾ? ಯಾರೂ ಕೇಳಂಗಿಲ್ಲ, ಯಾರೂ ಮಾರ್ಕ್ಸ್ ಕೊಡಂಗಿಲ್ಲ."

ಅವಳು ಬಹಳ ಹೊತ್ತು ಸೆರಗಿನ ದಾರ ಎಳೆಯುತ್ತ ಕೂತಳು. ಆಮೇಲೆ ಅಂದಳು:

"ಪರೀಕ್ಷಾ ಮುಗಿಯೂದು ನನ್ನ ಕೈಯಾಗ ಇಲ್ರಿ ಮೇಡಂ. ಆಗಸ್ಟಿನ್ಯಾಗ ಬರದ್ವಿ, ಮುಗೀತು ಅಂತ ಮನಿಗಿ ಫೋನ್ ಮಾಡಿದ್ವಿ. ಮತ್ತ ಬರೀರಿ ಅಂದ್ರು. ಅದು ಮುಗದ್ರ ಮೇನ್ಸ್, ಆಮ್ಯಾಗ ಇಂಟರ್‌ವ್ಯೂ, ಆಮ್ಯಾಗ ಕೋರ್ಟ್. ಮುಗದದ್ದು ಸೈತ ಮುಗ್ಯಾಂಗಿಲ್ರಿ ಅಲ್ಲಿ. ಐದ್ ವರ್ಷದಾಗ ನಾ ಚಾಲೂ ಮಾಡಿ ಮುಗಿಸಿದ್ದು ಒಂದೂ ಇಲ್ಲ. ಇದೊಂದರೆ ಮುಗೀತದ್ರಿ. ಇದನ್ನೂ ಬಿಡು ಅಂತೀರಿ."

ಕೊನೆಯದು ಪ್ರಶ್ನೆಯಾಗಿರಲಿಲ್ಲ. ದೂರೂ ಆಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ಕೋರ್ಟಿನ ಮಾತು ಹೊರಗಿನವರಿಗೆ ಅತಿ ಎನಿಸಬಹುದು. 2011ರ ಸಾಲಿನ 362 ಹುದ್ದೆಗಳ ಪಟ್ಟಿ ರದ್ದಾಗಿ ವರ್ಷಗಟ್ಟಲೆ ಎಳೆದಾಡಿದ ಕಥೆ ಈ ಹುಡುಗರಿಗೆಲ್ಲ ಬಾಯಿಪಾಠ. ಆಯ್ಕೆಯಾದವರೂ ಕಾದು ಕೂತಿದ್ದರು. ಶೈಲಾ ಹೇಳಿದ್ದರಲ್ಲಿ ಒಂದು ಅಕ್ಷರವೂ ರೋಗದ ಲಕ್ಷಣ ಅಲ್ಲ. ಅವಳು ಬದುಕುತ್ತಿದ್ದ ಪರಿಸ್ಥಿತಿಯೇ ಹಾಗಿತ್ತು.

ನನಗೆ ಆಗ ನೆನಪಾದದ್ದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ. "ನನ್ನಿಂದ ಆಗುತ್ತದೆ" ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂದು 1977ರಲ್ಲಿ ಬರೆದವರು. ಬೇರೆಯವರು ಹುರಿದುಂಬಿಸಿದರೆ ಸ್ವಲ್ಪ ಹುಟ್ಟುತ್ತದೆ, ಬೇರೆಯವರು ಗೆದ್ದದ್ದು ನೋಡಿದರೂ ಹುಟ್ಟುತ್ತದೆ. ಎಲ್ಲಕ್ಕಿಂತ ಹೆಚ್ಚು ಹುಟ್ಟುವುದು ಸ್ವಂತ ಕೈಯಿಂದ ಒಂದು ಕೆಲಸ ಮಾಡಿ ಮುಗಿಸಿದಾಗ. ಇದನ್ನು ನಾನು ಕಾಲೇಜು ಹುಡುಗರಿಗೆ ಪಾಠ ಮಾಡುತ್ತೇನೆ. ಮೂರನೇ ಭೇಟಿಯಲ್ಲಿ ಆ ಪಾಠ ಎಲ್ಲಿ ಹೋಗಿತ್ತೋ.

"ನಾ ಹೇಳಿದ್ದು ತಪ್ಪಾತು" ಎಂದೆ. ಅವಳು ಗಾಬರಿಯಾಗಿ "ಹಂಗಲ್ರಿ ಮೇಡಂ" ಅಂದಳು. "ಹಂಗೇ ಅದ. ಈಗ ಆ ನೋಟ್‌ಬುಕ್ ತೆಗಿ."

ಚೀಲದಲ್ಲೇ ಇತ್ತು. ಎರಡು ವಾರದಿಂದ ಓದದಿದ್ದರೂ ಹೊತ್ತು ತಿರುಗುತ್ತಿದ್ದಳು. ಎಣಿಸಿದೆವು, 31. ಕಪಾಟಿನಿಂದ ಒಂದು ಕಥಾಸಂಕಲನ ತೆಗೆದು ಕೊಟ್ಟು, ನಿನ್ನ ಎಂದಿನ ವೇಗದಲ್ಲಿ ಓದು ಎಂದು ಹತ್ತು ನಿಮಿಷ ಗಡಿಯಾರ ಇಟ್ಟೆ. ಐದು ಪುಟ ಓದಿದಳು. ಗಂಟೆಗೆ 30 ಪುಟ. ಉಳಿದದ್ದು ಒಂಬತ್ತು ಪುಸ್ತಕ, ಒಂದೊಂದು 200 ಪುಟ ಅಂದರೂ 1,800 ಪುಟ, ಅಂದರೆ 60 ಗಂಟೆ. ವರ್ಷ ಮುಗಿಯಲು 77 ದಿನ. ಪರೀಕ್ಷೆಯ ಹಿಂದಿನ ವಾರ ತೆಗೆದರೆ 70. ದಿನಕ್ಕೆ ಒಂದು ತಾಸೂ ಬೇಡ. ಕ್ಯಾಲೆಂಡರಿನ ಹಿಂದೆ ಬರೆದ ಆ ಲೆಕ್ಕವನ್ನು ಅವಳು ಎರಡು ಸಲ ತಾಳೆ ನೋಡಿದಳು. "ಇಷ್ಟ ಏನ್ರಿ?" ಅಂದಳು. ಅವಳ ತಲೆಯಲ್ಲಿ ಅದು ಬೆಟ್ಟವಾಗಿತ್ತು. ಯಾರೂ ಗಂಟೆಯಲ್ಲಿ ಅಳೆದಿರಲಿಲ್ಲ. ಅವಳಲ್ಲಿ ಮೊದಲ ಸಲ ನಗುವಿನಂಥದ್ದು ಕಂಡಿದ್ದು ಆಗಲೇ.

ಆಮೇಲೆ ಒಂದು ಗುಟ್ಟು ಬಿಚ್ಚಿದಳು. ಪಟ್ಟಿಯಲ್ಲಿ 27ರಿಂದ 31ರವರೆಗಿನ ಐದೂ ತೆಳು ಪುಸ್ತಕ. ಅದರಲ್ಲಿ ಎರಡು ಮಕ್ಕಳವು. ಆ್ಯಪ್ "ನೀವು ಇಷ್ಟು ಪುಸ್ತಕ ಹಿಂದಿದ್ದೀರಿ" ಎಂದು ತೋರಿಸಿದಾಗಲೆಲ್ಲ ಗ್ರಂಥಾಲಯಕ್ಕೆ ಹೋಗಿ ಬೆನ್ನು ಸಣ್ಣದಿರುವ ಪುಸ್ತಕ ಹುಡುಕುತ್ತಿದ್ದಳಂತೆ. ಅದನ್ನು ಕಳ್ಳತನ ಎಂದೇ ತಿಳಿದಿದ್ದಳು. ಓದಿದ್ದೀಯಾ ಎಂದೆ. ಪೂರ್ತಿ ಓದಿದ್ದೇನೆ ಎಂದಳು. ಹಾಗಾದರೆ ಅವು ಇರಲಿ ಎಂದೆ. 60 ಪುಟದ ನಾಟಕಕ್ಕೂ 700 ಪುಟದ ಕಾದಂಬರಿಗೂ ಒಂದೇ ಅಂಕಿ ಕೊಡುವುದು ಸಂಖ್ಯೆಯ ದಡ್ಡತನ. ಅದಕ್ಕೆ ಅವಳೇಕೆ ತಲೆ ತಗ್ಗಿಸಬೇಕು?

ಸಲಹೆ ಕೊಟ್ಟೆ. ನಲವತ್ತು ಮುಗಿಸು. ಆ್ಯಪ್ ತೆಗೆದುಹಾಕು, ನೋಟ್‌ಬುಕ್ ಒಂದೇ ಸಾಕು. ರಾತ್ರಿ ಊಟ ಆದ ಮೇಲಿನ ಒಂದು ತಾಸು ಇದರದು, ಹಗಲು ಹೊತ್ತು ಪರೀಕ್ಷೆಯದು, ಒಂದರ ಹೊಲಕ್ಕೆ ಇನ್ನೊಂದು ದಾಟಬಾರದು. ಹಿಡಿಸದ ಪುಸ್ತಕ ಐವತ್ತು ಪುಟಕ್ಕೆ ಬಿಡಬಹುದು, ಆದರೆ ಅದನ್ನು ಲೆಕ್ಕಕ್ಕೆ ಬರೆದುಕೊಳ್ಳುವ ಹಾಗಿಲ್ಲ. ಮತ್ತೆ, ಅಣ್ಣನಿಂದ ಮುಚ್ಚಿಡಬೇಡ. ಇದೊಂದಕ್ಕೆ ಅವಳು ಹಿಂದೇಟು ಹಾಕಿದಳು. ಕೊನೆಗೆ ಅಣ್ಣನನ್ನೇ ಕರೆಸಿದೆ.

ಅವನು ಬಂದದ್ದು ಹತ್ತು ನಿಮಿಷಕ್ಕೆ, ಬಸ್ಸಿನ ಮೇಲೆ ಕಣ್ಣಿಟ್ಟುಕೊಂಡು.

"ಈ ನಲವತ್ತು ಮುಗದ್ರ ಏನ್ ಕೊಡ್ತಾರ್ರಿ?"

"ಏನೂ ಕೊಡಂಗಿಲ್ಲ."

"ಮತ್ತ್ಯಾಕ್ರಿ?"

"ರಾತ್ರಿ ನಿದ್ದಿ ಬರ್ತದ ಆಕಿಗಿ."

ಸ್ವಲ್ಪ ಯೋಚಿಸಿ, "ಒಂದ್ ತಾಸಿಗಿ ನಾ ಏನ್ ಬ್ಯಾಡ ಅನ್ನಂಗಿಲ್ರಿ" ಎಂದು ಎದ್ದ.

ಈ ಪ್ರಕರಣ ಕೇಳಿದ ಒಬ್ಬ ಸಹೋದ್ಯೋಗಿ, ನೀವು ತಪ್ಪಿಸಿಕೊಳ್ಳುವ ಚಟಕ್ಕೆ ನೀರೆರೆದಿರಿ ಎಂದರು. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಶೈಲಾಳಲ್ಲಿ ತಪ್ಪಿಸಿಕೊಳ್ಳುವುದೂ ಇತ್ತು. ಆದರೆ ಅಡಗುವುದಕ್ಕೂ ನೆರಳಿಗೆ ನಿಲ್ಲುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಅಡಗಿದವನು ಕದ್ದು ಓದುತ್ತಾನೆ, ಓದಿ ಎದ್ದಾಗ ಇನ್ನೂ ಭಾರವಾಗಿರುತ್ತಾನೆ. ನೆರಳಿಗೆ ನಿಂತವನು ಹೊತ್ತು ನೋಡಿಕೊಂಡು ಮತ್ತೆ ಬಿಸಿಲಿಗೆ ಇಳಿಯುತ್ತಾನೆ. ನಾನು ಕದ್ದು ಓದುವುದನ್ನು ನಿಲ್ಲಿಸಿದೆ, ಓದನ್ನಲ್ಲ. ಅದೇ ಚಳಿಗಾಲದಲ್ಲಿ ಬಂದ ಒಬ್ಬ ಬ್ಯಾಂಕ್ ನೌಕರರಿಗೆ ನಾನು ಹೇಳಿದ್ದು ಪೂರಾ ಉಲ್ಟಾ. ಅವರ ಗುರಿ ನೂರು. ಊಟದ ತಟ್ಟೆಯ ಮುಂದೆಯೂ ಇಯರ್‌ಫೋನು, ದುಪ್ಪಟ್ಟು ವೇಗದಲ್ಲಿ ಪುಸ್ತಕಗಳ ಸಾರಾಂಶ. ಮಗಳು ಅಪ್ಪನ ಜೊತೆ ಮಾತಾಡುವುದನ್ನೇ ಬಿಟ್ಟಿದ್ದಳು. ಇವತ್ತೇ ನಿಲ್ಲಿಸಿ ಎಂದೆ. ಆಫೀಸಿನಲ್ಲಿ ದಿನಾ ಹತ್ತಾರು ಕೆಲಸ ಮುಗಿಸುವ ಮನುಷ್ಯರಿಗೆ ಇನ್ನೊಂದು ಮುಗಿಸುವ ಕೆಲಸ ಬೇಕಿರಲಿಲ್ಲ.

ಹಾಗಾಗಿ ಮನೆಯಲ್ಲಿ ಯಾರಾದರೂ ಇಂಥ ಸವಾಲು ಹಾಕಿಕೊಂಡು ಒದ್ದಾಡುತ್ತಿದ್ದರೆ, ಬಿಡು ಎನ್ನುವ ಮುಂಚೆ ಒಂದು ವಿಚಾರಿಸಿ. ಇವರ ಬದುಕಿನಲ್ಲಿ ಇವರ ಕೈಯಾರೆ ಮುಗಿಯುವಂಥದ್ದು ಬೇರೆ ಏನಿದೆ? ನಿರುದ್ಯೋಗಿ ಹುಡುಗರು, ವರ್ಷಗಟ್ಟಲೆ ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡುವ ಸೊಸೆಯರು, ಕೋರ್ಟಿನಲ್ಲಿ ಜಮೀನಿನ ಕೇಸ್ ಇರುವವರು, ಇವರಿಗೆಲ್ಲ ದಿನಗಳು ಕಳೆಯುತ್ತವೆ, ಕೆಲಸ ಕಳೆಯುವುದಿಲ್ಲ. "ಖುಷಿಗೆ ಓದು" ಎನ್ನುವುದು ನಾಳೆಯ ಚಿಂತೆ ಇಲ್ಲದವರು ಕೊಡುವ ಸಲಹೆ. ಇದನ್ನು ಹೇಳಿದರೆ ನನ್ನ ಓದುಗ ಗೆಳೆಯರಿಗೆ ಸಿಟ್ಟು ಬರುತ್ತದೆ. ಬರಲಿ.

ನವೆಂಬರಿನಲ್ಲಿ ಶೈಲಾಳ ನಿದ್ದೆ ಸುಧಾರಿಸಿತು. ನೋಟ್ಸ್ ಓದುವುದೂ ಶುರುವಾಯಿತು, ಮೊದಲಿನಷ್ಟಲ್ಲ. ಎದೆ ಹಿಡಿಯುವುದು ಪೂರ್ತಿ ಹೋಗಲಿಲ್ಲ.

ಜನವರಿ ಮೊದಲ ವಾರ ಫೋನ್ ಬಂತು. ಮರುಪರೀಕ್ಷೆಯಲ್ಲೂ ಕನ್ನಡದ ಅವಸ್ಥೆ ಅದೇ ಎಂದು ಪತ್ರಿಕೆಗಳಲ್ಲಿ ಓದಿದ್ದೆ. ಹೇಗಾಯಿತು ಎಂದು ಕೇಳಲು ಹೆದರಿಕೆ. ಅವಳೇ ನಕ್ಕಳು. "ಮೂವತ್ತೆಂಟು ಕನ್ನಡ ಪುಸ್ತಕ ಓದಿ ಹೋಗಿದ್ದೆನ್ರಿ ಮೇಡಂ. ಆ ಪ್ರಶ್ನಿ ಕನ್ನಡ ಮಾತ್ರ ತಿಳೀಲಿಲ್ಲ."

ನಲವತ್ತು? ಡಿಸೆಂಬರ್ 31ರ ರಾತ್ರಿ ಕಣ್ಣು ಎಳೆಯುತ್ತಿತ್ತಂತೆ, 22 ಪುಟ ಉಳಿದವು. ಬೆಳಿಗ್ಗೆ ಎದ್ದು ಮುಗಿಸಿದಳು. ಯಾವ ವರ್ಷಕ್ಕೆ ಬರೆದೆ ಎಂದು ಕೇಳಿದೆ. ನೋಟ್‌ಬುಕ್ಕಿನ ಫೋಟೋ ಕಳಿಸಿದಳು. "40. ಜನವರಿ 1, ಬೆಳಿಗ್ಗೆ 6.40." ಅದರ ಕೆಳಗೆ ಒಂದು ಗೆರೆ ಎಳೆದಿದ್ದಳು.

ಪ್ರಿಲಿಮ್ಸ್ ಫಲಿತಾಂಶದಲ್ಲಿ ಅವಳ ನಂಬರ್ ಇರಲಿಲ್ಲ. ಒಂದು ವಾರ ಬಿಟ್ಟು ಬಂದಳು. ಪುಸ್ತಕದ ಸುದ್ದಿ ಎತ್ತಲಿಲ್ಲ. ಮತ್ತೆ ಬರೆಯಬೇಕಾ, ಸಾಕಾ ಎಂದು ಮೊದಲ ಸಲ ಬಾಯಿಬಿಟ್ಟು ಕೇಳಿದಳು. ಆ ಮಾತು ಇನ್ನೂ ನಡೆದಿದೆ.