ಎದುರಿನವರ ಮಾತಿಗೆ ನನ್ನ ಜಾಗ ಯಾಕೆ?

ಹುಬ್ಬಳ್ಳಿ ವಿದ್ಯಾನಗರದ ಓದುಗರೊಬ್ಬರು ಹೀಗೆ ಕೇಳಿದ್ದಾರೆ: "ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಪ್ರತ್ಯೇಕ ಪಥವನ್ನು ಎಲ್ಲ ವಾಹನಗಳಿಗೂ ಬಿಡಬೇಕು ಅಂತ ನಾನು ಬರೆದ ಲೇಖನವನ್ನು ವಾಪಸ್ ಕಳಿಸಿದಿರಿ. ಎದುರು ವಾದಕ್ಕೆ ಉತ್ತರವಿಲ್ಲ ಅಂದಿರಿ. ಅವರ ಮಾತನ್ನು ನಾನೇ ಬರೆದರೆ ಪುಕ್ಕಟೆ ಪ್ರಚಾರ ಕೊಟ್ಟಂತೆ ಅಲ್ವಾ?"

ನಮಸ್ಕಾರ. ನಿಮ್ಮ ಅಂಜಿಕೆ ಅರ್ಧ ಖರೆ. ಅಮೆರಿಕದ ವಿದ್ವಾಂಸ ಡೇನಿಯಲ್ ಓಕೀಫ್ 1999ರಲ್ಲಿ, ಎದುರು ವಾದವನ್ನು ಹೇಳಬೇಕೇ ಬೇಡವೇ ಅಂತ ನಡೆದ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎದುರು ವಾದವನ್ನು ಹೇಳಿ ಅಲ್ಲಿಗೇ ಬಿಟ್ಟ ಬರಹ, ಒಂದೇ ಪಕ್ಷ ಹೇಳಿದ ಬರಹಕ್ಕಿಂತಲೂ ಕಡಿಮೆ ನಾಟಿತ್ತು. ಹೇಳಿ, ಅದಕ್ಕೆ ಉತ್ತರವನ್ನೂ ಕೊಟ್ಟ ಬರಹ ಎಲ್ಲಕ್ಕಿಂತ ಜಾಸ್ತಿ ನಾಟಿತ್ತು. ಅಂದರೆ ಸುಮ್ನೆ ಹೆಸರಿಸಿ ಮುಂದೆ ಹೋದರೆ ನಷ್ಟ ನಿಮಗೇ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಹೋವ್ಲೆಂಡ್ ಮತ್ತು ಜೊತೆಗಾರರು ಅಮೆರಿಕದ ಸೈನಿಕರ ಮೇಲೆ ಇದನ್ನೇ ಪರೀಕ್ಷಿಸಿದ್ದರು. ಮೊದಲೇ ಒಪ್ಪಿದವರಿಗೆ ಒಂದೇ ಪಕ್ಷ ಸಾಕಾಯಿತು. ಒಪ್ಪದವರಿಗೆ ಎರಡೂ ಬೇಕಾದವು. ನಿಮ್ಮ ಲೇಖನ ಯಾರಿಗೆ? ಪಕ್ಕದ ರಸ್ತೆಯ ಗದ್ದಲದಲ್ಲಿ ದಿನಾ ಸಿಕ್ಕಿಕೊಳ್ಳುವ ಬೈಕಿನವರು ಈಗಾಗಲೇ ನಿಮ್ಮ ಕಡೆ ಇದ್ದಾರೆ. ಒಪ್ಪಿಸಬೇಕಾದದ್ದು ಚಿಗರಿ ಹತ್ತುವವರನ್ನು.

ಅವರ ಬಗ್ಗೆ ನೀವು ಬರೆದದ್ದು ಒಂದೇ ಸಾಲು: "ಕೆಲವು ಅವಿವೇಕಿಗಳು ಅಭಿವೃದ್ಧಿ ಅಂತ ಬಡಬಡಿಸುತ್ತಾರೆ." ಇದು ನಮ್ಮ ಕಾಲೇಜು ಚರ್ಚಾ ಸ್ಪರ್ಧೆಗಳು ಕಲಿಸಿದ ಚಾಳಿ. ಅಲ್ಲಿ ಚಪ್ಪಾಳೆ ಬಿದ್ದರೆ ಮುಗಿಯಿತು, ಎದುರಿನವನು ಒಪ್ಪಬೇಕಾಗಿಲ್ಲ. ಆದರೆ ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಕೆಲಸಕ್ಕೆ ಬರುವ ಹೆಣ್ಣುಮಗಳು ಹಾಗೆ ಬಡಬಡಿಸುವುದಿಲ್ಲ. ಅವಳ ಮಾತು ಹೀಗಿರಬಹುದು: "ಸುಮಾರು 22 ಕಿಲೋಮೀಟರ್ ದಾರಿ. ನಡುವಿನ ಪಥ ಖಾಲಿ ಇರುವುದಕ್ಕೇ ನಾನು ಹೊತ್ತಿಗೆ ಮುಟ್ಟುತ್ತೇನೆ. ನಿಮಗೆ ಕಾಣುವುದು ಒಂದು ಬಸ್ಸು, ಒಳಗಿರುವುದು ಹತ್ತಾರು ಜನ. ಎಲ್ಲರನ್ನೂ ಬಿಟ್ಟರೆ ಬಸ್ಸೂ ಸಿಕ್ಕಿಕೊಳ್ಳುತ್ತದೆ. ಆಮೇಲೆ ನಾನೂ ಸ್ಕೂಟಿ ತೆಗೆಯುತ್ತೇನೆ, ನಿಮ್ಮ ಗದ್ದಲ ಇನ್ನೂ ಹೆಚ್ಚುತ್ತದೆ. ಮೇಲಾಗಿ ನಿಲ್ದಾಣಗಳು ರಸ್ತೆ ನಡುವೆ ಇವೆ. ಅಲ್ಲೂ ಕಾರು ನುಗ್ಗಿದರೆ ದಾಟುವುದು ಹೇಗೆ?"

ಗಟ್ಟಿ ಮಾತು, ಹೌದಲ್ಲ? ಇಷ್ಟೇ ಗಟ್ಟಿಯಾಗಿ ಬರೆಯಿರಿ. ಓದಿದವಳು "ಬರೋಬ್ಬರಿ, ನಾನು ಹೇಳುವುದು ಇದನ್ನೇ" ಅನ್ನಬೇಕು. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಮೊದಲು ಹೇಳಿ, ಆಮೇಲೆ ಸಿದ್ಧಾಂತಕ್ಕೆ, ಅಂದರೆ ತಮ್ಮ ನಿಲುವಿಗೆ, ಬರುತ್ತಿದ್ದದ್ದೂ ಹೀಗೇ.

ಈಗ ಉತ್ತರಿಸಲು ಕೂತರೆ "ಎಲ್ಲ ವಾಹನ" ಅನ್ನುವ ಬೇಡಿಕೆ ನಿಲ್ಲುವುದಿಲ್ಲ ಅಂತ ನನಗನ್ನಿಸುತ್ತದೆ. ಕಾರು, ಬೈಕಿನ ಬೇಡಿಕೆಯನ್ನು ಕೈಬಿಡಿ. ನಡುವೆ ಎಲ್ಲೂ ನಿಲ್ಲದ ದೂರದ ಊರಿನ ಬಸ್ಸುಗಳನ್ನಷ್ಟೇ ಪಥಕ್ಕೆ ಬಿಡಿ ಅಂತ ಕೇಳಿ. ಅವುಗಳಲ್ಲೂ ಹತ್ತಾರು ಜನ ಇರುತ್ತಾರಲ್ಲ, ಅವಳ ಲೆಕ್ಕವೇ ನಿಮ್ಮ ಪರ ಬರುತ್ತದೆ. ಇದರಿಂದ ಚಿಗರಿ ನಿಧಾನವಾದರೆ? ಗದ್ದಲದ ಹೊತ್ತು ಬಿಟ್ಟು ಉಳಿದ ಸಮಯಕ್ಕೆ ಮಾತ್ರ ಅನ್ನಬಹುದು. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಅದನ್ನೇ ಬರೆಯಿರಿ, ಲೇಖನ ನಿಮ್ಮದು.

ಎಲ್ಲ ಆಕ್ಷೇಪಕ್ಕೂ ಉತ್ತರ ಬೇಡ. 2018ರಲ್ಲಿ ಚಿಗರಿ ಓಡಲು ಶುರುವಾದಾಗಿನಿಂದ ಕಟ್ಟೆಯ ಮೇಲೆ ಕೇಳಿದ್ದನ್ನೆಲ್ಲ ತುಂಬಿದರೆ ನಿಮ್ಮ ವಾದಕ್ಕೇ ಜಾಗ ಉಳಿಯದು. ಒಂದೆರಡು ಸಾಕು, ದೊಡ್ಡವು. ಅವನ್ನು ಕೊನೆಗೆ "ಕೆಲವರು ಹೀಗೂ ಹೇಳುತ್ತಾರೆ" ಅಂತ ಅಂಟಿಸಬೇಡಿ. ಬೇಡಿಕೆ ಹೇಳಿದ ಕೂಡಲೇ ಓದುಗರಿಗೆ ಸಂಶಯ ಏಳುತ್ತದೆ, ಉತ್ತರ ಅಲ್ಲೇ ಸಿಗಲಿ.

ನಿಮ್ಮ ಲೇಖನದಲ್ಲಿ ಟೋಲ್ ನಾಕಾ ಬಳಿ ಮಳೆನೀರು ನಿಲ್ಲುವ ಭಾಗ ಚೆನ್ನಾಗಿದೆ, ಆದರೆ ಈ ವಾದಕ್ಕೆ ಸೇರಿದ್ದಲ್ಲ. ತೆಗೆದಿಟ್ಟು ಬೇರೆ ಪತ್ರವಾಗಿ ಕಳಿಸಿ, ಮಳೆಗಾಲಕ್ಕೆ ಮುಂಚೆ ಹಾಕೋಣ.

– ಸಂಪಾದಕ