ಆಕಾಶದ ವಾಶ್‌ನಲ್ಲಿ ಹೂಕೋಸಿನಂಥ ಕಲೆ ಯಾಕೆ?

ನಿಮ್ಮ ಜಲವರ್ಣ ಚಿತ್ರದಲ್ಲಿ ಮೋಡದ ಕೆಳಗೆ ಹರಕು ಅಂಚಿನ ಕಲೆ ಯಾಕೆ ಬಂತು, ಹೇಗೆ ತೆಗೆಯೋದು ಅಂತ ಕೇಳಿದ್ದೀರಿ. ವಾಶ್, ಅಂದರೆ ನೀರು ಬೆರೆಸಿ ಹರಡಿದ ತೆಳು ಬಣ್ಣ, ಅರ್ಧ ಒಣಗಿ ಹೊಳಪು ಮಾಸುತ್ತಿದ್ದಾಗ ನೀರು ಹೆಚ್ಚಿದ್ದ ಬ್ರಶ್ ಇಟ್ಟಿರಬೇಕು. ಹೊಸ ನೀರು ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ ಅಂಚಿನಲ್ಲಿ ಗುಡ್ಡೆ ಹಾಕುತ್ತೆ. ಕಾಗದ ಮಿರಮಿರ ಹೊಳೆಯುವಾಗಲೇ ಬಣ್ಣ ಸೇರಿಸಿ, ಇಲ್ಲವೇ ಪೂರ್ತಿ ಒಣಗಲು ಬಿಡಿ. ನಡುವೆ ಸೇರಿಸಲೇಬೇಕಾದರೆ ಬ್ರಶ್ ಬಟ್ಟೆಗೆ ಒತ್ತಿ, ಗಟ್ಟಿ ಬಣ್ಣ ತಗೊಳ್ಳಿ. ಕಾಗದ ಅಂಟಿಸಿದ ಟೇಪ್ ಅಂಚಿನಲ್ಲಿ ನಿಂತ ನೀರನ್ನೂ ಹೀರಿಬಿಡಿ, ಅದು ವಾಪಸ್ ಹರಿದರೂ ಇದೇ ಕಥೆ.

ಈಗಿನ ಕಲೆ ಪೂರ್ತಿ ಒಣಗಿದ ಮೇಲೆ ಒದ್ದೆ ಬ್ರಶ್‌ನಿಂದ ಅಂಚನ್ನಷ್ಟೇ ಸವರಿ, ಟಿಶ್ಯೂ ಒತ್ತಿ ಎತ್ತಿ. ಉಜ್ಜಬೇಡಿ, ಕಾಗದ ಸಿಪ್ಪೆ ಏಳುತ್ತೆ. ಬಳಸಿದ ನೀಲಿ ಅಲ್ಟ್ರಾಮರೀನ್ ಆದರೆ ಸಾಕಷ್ಟು ಎದ್ದು ಬರುತ್ತೆ. ಥಾಲೋ ನೀಲಿ ಹಠಮಾರಿ. ಚಿತ್ರದಲ್ಲಿನ ತೆಂಗಿನ ಸಾಲು ಬಹಳ ಚೆನ್ನಾಗಿದೆ, ಅದನ್ನು ಇನ್ನು ಮುಟ್ಟಬೇಡಿ!